ಅಪ್ಪನ ಭಾನುವಾರಗಳು

ಮರಣ ಪ್ರಮಾಣಪತ್ರದ ಸಾಲಿನಲ್ಲಿ ಮುಂದಿದ್ದ ಅಕ್ಕತಮ್ಮಂದಿರ ಪಿಸುಮಾತಿಗೆ ಹಿಂದೆ ನಿಂತಿದ್ದ ದರ್ಜಿಯ ಕಿವಿ ನೆಟ್ಟಗಾಯಿತು.

"ನೌಕಾಪಡೆಯಿಂದ ಬಂದ್ಮೇಲೆ ಅಪ್ಪ ಭಾನುವಾರವೂ ಫ್ಯಾಕ್ಟರಿಗೆ ಹೋಗ್ತಿದ್ರಲ್ಲ? ಭಾನುವಾರ ಅಲ್ಲಿ ಬೀಗವಂತೆ ಕಣೋ! ಮೇಸ್ತ್ರಿನೇ ಹೇಳಿದ್ರು."

"ಮತ್ತೆ ಎಲ್ಲಿಗೆ ಹೋಗ್ತಿದ್ರು?"

"ಇನ್ನೊಂದು ಸಂಸಾರ ಇತ್ತೇನೋ. ವಾಪಸ್ ಬರುವಾಗ ಮೈಯೆಲ್ಲ ಸೋಪಿನ ವಾಸನೆ."

"ಅಕ್ಕಾ! ನಮ್ಮನ್ನ ಹೆಗಲ ಮೇಲೆ ಹೊತ್ತು ಬೆಳೆಸಿದ ಮನುಷ್ಯ."

"ಅದಕ್ಕೇ ಹೊಟ್ಟೆ ಉರಿಯೋದು."

ತಮ್ಮ ತಡೆದು ಹೇಳಿದ: "ಮಣ್ಣಿಗೆ ಗಾಲಿಕುರ್ಚಿಯಲ್ಲಿ ಬಂದಿದ್ರಲ್ಲ, ಅಪ್ಪನ ಹಡಗಿನ ಗೆಳೆಯರೊಬ್ಬರು... 'ಇನ್ಮೇಲೆ ಭಾನುವಾರ ನನಗೆ ಯಾರಪ್ಪಾ ಸ್ನಾನ ಮಾಡಿಸ್ತಾರೆ' ಅಂತ ನನ್ನ ಕೈ ಹಿಡಿದು ಅತ್ರು."

"ಹಾಗಿದ್ರೆ ನಮ್ಮ ಹತ್ರ ಯಾಕೆ ಮುಚ್ಚಿಟ್ರು?"

"ಗೆಳೆಯನ ಮರ್ಯಾದೆ ಉಳೀಲಿ ಅಂತ ಇರ್ಬೇಕು."

ಗುಮಾಸ್ತ ಕರೆದ. ಮುಂದಕ್ಕೆ ಸರಿಯುತ್ತ ಅಕ್ಕ ಕೇಳಿದಳು: "ಅವರ ಮನೆ ಎಲ್ಲಿ, ಗೊತ್ತೇನೋ? ನಾಳೆ ಭಾನುವಾರ."