ಮಜೀದಸಾಬನ ಪಥ್ಯ

ವಾಡಿಯ ದವಾಖಾನೆಯ ಹೊರಗೆ ನಾನು ನನ್ನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ನಡುವಯಸ್ಸಿನ ಇಬ್ಬರು ಗೆಳೆಯರು ಕುಳಿತಿದ್ದರು. ಡಾಕ್ಟರರನ್ನು ಆಗಷ್ಟೇ ಕಂಡು ಬಂದಿದ್ದ ದಢೂತಿ ಮಜೀದಸಾಬನ ಮುಖ ಸಪ್ಪಗಾಗಿತ್ತು.

“ದಿನಾ ಮಾಂಸ ತಿಂದ್ರೂ ನಮ್ಮಪ್ಪಗ ಎಂಬತ್ತರ ತನಕ ಏನೂ ಆಗಲಿಲ್ಲ, ಅಂಬಾರಾಯ.”

“ನಿಮ್ಮಪ್ಪ ರಾವೂರ ಖಣಿಯಾಗ ಕಲ್ಲು ಒಡೀತಿದ್ದ. ನೀ ಅದೇ ಖಣಿ ಗೇಟಿನಾಗ ವಾಚ್‌ಮನ್ ಆಗಿ ಕುಂತು ಕುರ್ಚಿ ಮುರ್ಯಾಕತ್ತೀ.”

“ಅದು ಹಳೇ ಕುರ್ಚಿ.”

“ಮೊನ್ನೆ ಮುರದದ್ದು ಹೊಸದು.”

“ಕಾಯಿಪಲ್ಲೆ ತಿನ್ನಾವ ನೀ. ಮಾಂಸದ ಸುದ್ದಿ ನಿನಗೇನು ಗೊತ್ತು?”

“ಮಾಂಸ ಗೊತ್ತಿಲ್ಲ, ನೀ ಗೊತ್ತಿದಿ. ನಿನ್ನೆ ಸ್ಟೇಷನ್ ಮೆಟ್ಟಲ ಮ್ಯಾಗ ಎದಿ ಹಿಡಕೊಂಡು ಕುಂತಾವ ಯಾರು?”

ಮಜೀದಸಾಬ ಡಾಕ್ಟರರ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡ.

“ಆತು, ಇವತ್ತಿನಿಂದ ಮಾಂಸ ಪೂರಾ ಬಂದ್.”

“ಡಾಕ್ಟರ್ ಕಮ್ಮಿ ಮಾಡು ಅಂದ್ರು, ದಿನಾ ನಡಿ ಅಂದ್ರು. ನಡಿಯೂದು ತಪ್ಪಸ್ಲಿಕ್ಕಿ ನೀ ಬಿರಿಯಾನಿನೂ ಬಿಡಾವ!”

“ನಾಳಿಂದ ನಡೀತೀನಿ ಮಾರಾಯ. ಈಗ ಟಾಂಗಾ ಕರಿ.”

“ನಡಿ ಅಂತ ಡಾಕ್ಟರ್ ಹೇಳಿದ್ದು ನಿನಗ, ಕುದುರಿಗಲ್ಲ. ಏಳು, ಸಾವಕಾಶ ಹೋಗೂಣು.”

ಇಬ್ಬರೂ ಎದ್ದರು. ಗೇಟು ದಾಟುವಷ್ಟರಲ್ಲಿ ಮಜೀದಸಾಬ ಏದುಸಿರು ಬಿಡುತ್ತ ನಿಂತುಬಿಟ್ಟ. ಅಂಬಾರಾಯ ಬಗ್ಗಿ, ಸರಿಯಾಗಿಯೇ ಇದ್ದ ತನ್ನ ಚಪ್ಪಲಿಯ ಪಟ್ಟಿಯನ್ನು ಬಿಚ್ಚಿ ನಿಧಾನವಾಗಿ ಕಟ್ಟತೊಡಗಿದ. ಗೆಳೆಯನ ಉಸಿರು ತಹಬಂದಿಗೆ ಬಂದ ಮೇಲೆ ಎದ್ದು, ಅವನ ತೋಳು ಹಿಡಿದು ಊರ ಕಡೆ ನಡೆದ.