ಹದಿಮೂರನೇ ರೀಲಿನಲ್ಲಿ ವಾಸಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಮುಂದಿನ ಮೂರು ಸಾಲು ಖಾಲಿ ಬಿಟ್ಟು ಹಿಂದೆ ಒತ್ತಿಕೊಂಡು ಕುಳಿತಿರುವ ಸಭಿಕರೇ,

ಮೂವತ್ತನಾಲ್ಕು ವರ್ಷ ನಾನು ನಿಮ್ಮ ತಲೆಯ ಹಿಂಭಾಗ ನೋಡಿಕೊಂಡು ಬದುಕಿದವನು. ಚಿತ್ರಮಂದಿರದ ಆಪರೇಟರ್ ಕೋಣೆಯ ಕಿಂಡಿ ಒಂದು ಗೇಣು ಅಗಲ. ಅದರಲ್ಲಿ ಕಾಣುವುದು ಎರಡೇ: ಪರದೆ, ಮತ್ತು ನಿಮ್ಮ ತಲೆಗಳು. ಹಾಗಾಗಿ ಇವತ್ತು ಒಟ್ಟಿಗೇ ಇಷ್ಟೊಂದು ಮುಖಗಳನ್ನು ನೋಡಿ ಗಾಬರಿಯಾಗಿದೆ. ಹಳಬರು ಯಾರಾದರೂ ಇದ್ದರೆ ಒಂದು ಸಲ ಹಿಂದಕ್ಕೆ ತಿರುಗಿ ಕುಳಿತುಕೊಳ್ಳಿ, ಥಟ್ಟನೆ ಗುರುತು ಹಿಡಿಯುತ್ತೇನೆ.

ನಮ್ಮ ಚಿತ್ರಸಂಘದ ವಾರ್ಷಿಕೋತ್ಸವದಲ್ಲಿ ನನ್ನಂಥವನಿಗೆ ಸನ್ಮಾನ ಮಾಡಿದ್ದೀರಿ. ಸನ್ಮಾನ ಪುಕ್ಕಟೆಯಲ್ಲ, ಭಾಷಣ ಮಾಡಬೇಕು ಎಂದು ಕಾರ್ಯದರ್ಶಿಗಳು ಆಮೇಲೆ ತಿಳಿಸಿದರು. ವಿಷಯವನ್ನೂ ಅವರೇ ಕೊಟ್ಟರು: ‘ಪ್ರೇಮಹಾಸ್ಯ ಚಿತ್ರಗಳಲ್ಲಿ ಮನೋರೋಗದ ಚಿತ್ರಣ.’ ಇಷ್ಟು ತೂಕದ ವಿಷಯ ನನಗೇಕೆ ಎಂದು ಕೇಳಿದೆ. ಅಧ್ಯಕ್ಷರು ಮನೋವೈದ್ಯರು, ನೀವು ಸಿನಿಮಾದವರು, ಇಬ್ಬರಿಗೂ ಹೊಂದುತ್ತದೆ ಎಂದರು. ಅಧ್ಯಕ್ಷರು ಆಗಿನಿಂದ ನನ್ನನ್ನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿರುವ ಹಾಗೆ ಕುಳಿತಿದ್ದಾರೆ. ಅದು ಅವರ ವೃತ್ತಿಧರ್ಮ. ನಾನೂ ಹಾಗೇ ಕುಳಿತಿದ್ದೆ.

ನನ್ನ ಅರ್ಹತೆ ಇಷ್ಟೇ. ನೀವು ಒಂದು ಚಿತ್ರವನ್ನು ಒಂದು ಸಲ ನೋಡುತ್ತೀರಿ, ನಾನು ದಿನಕ್ಕೆ ನಾಲ್ಕು ಸಲದಂತೆ ಐವತ್ತು ದಿನ ನೋಡುತ್ತೇನೆ. ಇನ್ನೂರು ಸಲ ನೋಡಿದ ಮೇಲೆ ನಾಯಕಿಯ ಹುಚ್ಚು ವೈದ್ಯರಿಗಿಂತ ಆಪರೇಟರನಿಗೆ ಚೆನ್ನಾಗಿ ಅರ್ಥವಾಗಿರುತ್ತದೆ.

ಏನು ಅರ್ಥವಾಯಿತು? ಮೊದಲನೆಯದಾಗಿ, ಈ ಚಿತ್ರಗಳಲ್ಲಿ ಮನಸ್ಸಿನ ಕಾಯಿಲೆ ಬರುವುದು ಕೂದಲಿಗೆ. ಕೂದಲು ಕೆದರಿತೆಂದರೆ ಕಾಯಿಲೆ, ಬಾಚಿದರೆ ವಾಸಿ. ಗಂಡಸಾದರೆ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿರುತ್ತಾನೆ. ಇನ್ನು ಆಸ್ಪತ್ರೆ. ಅಲ್ಲಿ ಸರತಿ ಇಲ್ಲ, ಚೀಟಿ ಇಲ್ಲ, ‘ಡಾಕ್ಟರ್ ಊಟಕ್ಕೆ ಹೋಗಿದ್ದಾರೆ’ ಎನ್ನುವವರಿಲ್ಲ. ಅಲ್ಲಿನ ರೋಗಿಗಳೆಲ್ಲ ಸಾಲಾಗಿ ನಿಂತು ನಾಯಕನ ಜೊತೆ ಹೆಜ್ಜೆ ಹಾಕುತ್ತಾರೆ, ಒಬ್ಬರದೂ ತಾಳ ತಪ್ಪುವುದಿಲ್ಲ. ವೈದ್ಯರಿಗೆ ಕಣ್ಣು ಗುಡ್ಡೆ ಹೊರಗೆ ಬಂದಿರಬೇಕು, ಇಲ್ಲವೇ ಅವರಿಗೂ ನಾಯಕಿಯ ಮೇಲೆ ಮನಸ್ಸಿರಬೇಕು. ಅಧ್ಯಕ್ಷರು ಕ್ಷಮಿಸಬೇಕು. ಇದು ನಾನು ಹೇಳುತ್ತಿರುವುದಲ್ಲ, ಇನ್ನೂರು ಸಲ ನೋಡಿದ್ದು ಹೇಳಿಸುತ್ತಿದೆ.

ಮತ್ತು ಮದ್ದು? ಮದ್ದು ಒಂದೇ, ಪ್ರೀತಿ. ಹದಿನಾಲ್ಕು ರೀಲಿನ ಚಿತ್ರವಾದರೆ ಹದಿಮೂರನೇ ರೀಲಿನಲ್ಲಿ ನಾಯಕ ಮಾತ್ರೆಯ ಡಬ್ಬಿಯನ್ನು ಕಿಟಕಿಯಿಂದ ಹೊರಗೆ ಎಸೆಯುತ್ತಾನೆ. ‘ನಾನಿರುವಾಗ ಇದೆಲ್ಲ ಯಾಕೆ’ ಎನ್ನುತ್ತಾನೆ. ಇಡೀ ಚಿತ್ರಮಂದಿರದಲ್ಲಿ ಸೀಟಿ. ನಾಯಕಿಯ ಕೂದಲು ತಾನಾಗಿಯೇ ಬಾಚಿಕೊಳ್ಳುತ್ತದೆ.

ಹದಿನಾಲ್ಕನೆಯದರಲ್ಲಿ ಮೈಕ್ ಸೀನು. ನಿಮಗೆಲ್ಲ ಗೊತ್ತು. ಯಾವುದೋ ಸಭೆ, ಸಾವಿರ ಜನ. ನಾಯಕ ಭಾಷಣಕಾರನ ಕೈಯಿಂದ ಮೈಕು ಕಿತ್ತುಕೊಂಡು ನಾಯಕಿಯ ಹತ್ತಿರ ತಪ್ಪು ಒಪ್ಪಿಕೊಳ್ಳುತ್ತಾನೆ. ಅವಳು ಕೊನೆಯ ಸಾಲಿನಿಂದ ಎದ್ದು ಓಡಿ ಬರುತ್ತಾಳೆ. ನನಗೆ ಮೊದಲಿನಿಂದಲೂ ಈ ಸೀನು ಕಂಡರಾಗದು. ಅಲ್ಲಯ್ಯಾ, ಅದನ್ನು ಮನೆಯಲ್ಲೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಇಲ್ಲಿ ನನ್ನ ಕಸುಬಿನದು ಒಂದು ಮಾತು ಹೇಳಬೇಕು. ಮುಂದೆ ಬೇಕಾಗುತ್ತದೆ. ಹಳೆಯ ಕಾಲದಲ್ಲಿ ನಮ್ಮ ಕೋಣೆಯಲ್ಲಿ ಎರಡು ಮಿಷನ್. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗಬೇಕು. ಯಾವಾಗ ಎಂದು ಗೊತ್ತಾಗುವುದಕ್ಕೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಬರುತ್ತದೆ. ಮಿಣಕ್ ಅಂದು ಹೋಗುತ್ತದೆ, ನಿಮಗೆ ಕಾಣುವುದಿಲ್ಲ. ಮೊದಲ ಚುಕ್ಕೆ ಬಂದರೆ ಎರಡನೇ ಮಿಷನ್ ಚಾಲೂ ಮಾಡಬೇಕು. ಎಂಟು ಸೆಕೆಂಡಿಗೆ ಎರಡನೇ ಚುಕ್ಕೆ, ಆಗ ಬದಲಾಯಿಸಬೇಕು. ತಪ್ಪಿದಿರೋ, ಪರದೆ ಬೆಳ್ಳಗೆ, ಸಭೆ ಕೆಂಪಗೆ.

ಕೊನೆಯ ಸಾಲಿನ ಅಂಚಿನ ಕುರ್ಚಿಯಲ್ಲಿ ನಮ್ಮ ಮನೆಯವರು ಕುಳಿತಿದ್ದಾರೆ. ಮಾತು ಉದ್ದವಾದರೆ ಬಲಗೈ ಎತ್ತಿ ಚುಕ್ಕೆ ತೋರಿಸುವುದಾಗಿ ಹೇಳಿದ್ದಾರೆ. ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತಾ ಇನ್ನೊಂದೂ ಹೇಳಿದರು. “ನೋಡಿ, ಸಿನಿಮಾ ವಿಷಯ ಎಷ್ಟು ಬೇಕಾದ್ರೂ ಮಾತಾಡಿ. ಮನೆ ವಿಷಯ ಎತ್ತಬೇಡಿ. ಆ ಮೈಕ್ ಸೀನು ಅಂತೂ ಬೇಡವೇ ಬೇಡ.” ಒಪ್ಪಿದ್ದೇನೆ. ಆದ್ದರಿಂದ ಈಗ ನಾನು ಹೇಳಲಿರುವುದು ಬೇರೆ ಯಾವುದೋ ಚಿತ್ರಮಂದಿರದ, ಬೇರೆ ಯಾರೋ ಆಪರೇಟರನ ಕಥೆ.

ಆ ಆಪರೇಟರ್ ಮದುವೆಯಾದ ಹುಡುಗಿ ಅದೇ ಚಿತ್ರಮಂದಿರದ ಟಿಕೆಟ್ ಕೌಂಟರಿನಲ್ಲಿದ್ದಳು. ಮದುವೆಗೆ ಮುಂಚೆ ಕೌಂಟರಿನ ಕಿಂಡಿಯ ಆಚೆಯಿಂದಲೇ ಅವಳು ಎಲ್ಲ ಹೇಳಿದಳು: ತನಗೆ ಒಮ್ಮೊಮ್ಮೆ ಮನಸ್ಸು ಗಾಳಿಪಟದ ಹಾಗೆ ಏರುತ್ತದೆ, ಆಮೇಲೆ ದಾರ ಕಡಿದ ಹಾಗೆ ಬೀಳುತ್ತದೆ, ದಿನಾ ಮಾತ್ರೆ ತೆಗೆದುಕೊಂಡರೆ ನೆಟ್ಟಗಿರುತ್ತೇನೆ. ಇವನು ಏನು ಕೇಳಿಸಿಕೊಂಡ? ಹದಿನಾಲ್ಕು ರೀಲಿನ ಚಿತ್ರವೊಂದು ತನಗಾಗಿಯೇ ಬಿಡುಗಡೆಯಾಗಿದೆ ಎಂದು ಕೇಳಿಸಿಕೊಂಡ.

ಮದುವೆಯಾಗಿ ಎರಡನೇ ವರ್ಷ, ಒಂದು ಭಾನುವಾರ ಬೆಳಿಗ್ಗೆ. ಅವಳು ನೀರಿನ ಲೋಟ ಹಿಡಿದು ಮಾತ್ರೆ ಬಿಡಿಸುತ್ತಿದ್ದಳು. ಇವನಿಗೆ ಏನನ್ನಿಸಿತೋ, ಅವಳ ಕೈಯಿಂದ ಮಾತ್ರೆಯ ಪಟ್ಟಿ ತೆಗೆದುಕೊಂಡ. ಅಡುಗೆಮನೆಯ ಕಿಟಕಿ ತೆರೆದೇ ಇತ್ತು. “ನಾನಿರುವಾಗ ಇದೆಲ್ಲ ಯಾಕೆ” ಅಂದ. ಅಂದು, ನಾನು ಅದನ್ನು ಹೊರಗೆ ಎಸೆದೆ.

ಹೋಗಲಿ ಬಿಡಿ. ನಿಮಗೆ ಆಗಲೇ ಗೊತ್ತಾಗಿತ್ತು, ಮುಖ ನೋಡಿದರೆ ತಿಳಿಯುತ್ತದೆ.

ಸೀಟಿ ಹೊಡೆಯಲು ಯಾರೂ ಇರಲಿಲ್ಲ. ಮಾತ್ರೆಯ ಪಟ್ಟಿ ಪಕ್ಕದ ಮನೆಯವರ ತಗಡಿನ ಸೂರಿನ ಮೇಲೆ ಬಿತ್ತು. ನನ್ನವಳು ನಕ್ಕಳು. ಹೊಸ ಪಟ್ಟಿ ತರಲು ನಾನು ಬಿಡಲಿಲ್ಲ. ಮುಂದಿನ ನಲವತ್ತು ದಿನ ನಮ್ಮ ಮನೆಯಲ್ಲಿ ನಡೆದದ್ದು ಅದ್ಭುತವಾದ ಚಿತ್ರ. ಅವಳು ಅಡುಗೆಮನೆಗೆ ತಾನೇ ಹಳದಿ ಬಣ್ಣ ಬಳಿದಳು. ಇರುವ ಮೂರು ಕಿಟಕಿಗೆ ಹನ್ನೊಂದು ಪರದೆ ಹೊಲಿದಳು. ನಿದ್ದೆ ಬೇಡ ಅಂದಳು. ನೋಡಿದಿರಾ ಪ್ರೀತಿಯ ಮಹಿಮೆ ಎಂದು ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ. ಮೂರು ಕಿಟಕಿಗೆ ಹನ್ನೊಂದು ಪರದೆ ಯಾಕೆ ಎಂದು ಕೇಳುವ ಬುದ್ಧಿ ಬರಲಿಲ್ಲ. ಜಗತ್ತಿನ ಎಲ್ಲ ಚಿತ್ರಗಳ ಚುಕ್ಕೆ ಹಿಡಿಯುತ್ತಿದ್ದವನಿಗೆ ಮನೆಯ ಚುಕ್ಕೆ ಕಾಣಲಿಲ್ಲ.

ನಲವತ್ತೊಂದನೇ ದಿನ ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಹದಿನೆಂಟು ದಿನ ಒಂದು ಮಾತಿಲ್ಲ. ತಗಡಿನ ಮೇಲೆ ಆ ಪಟ್ಟಿ ದಿನಾ ಬೆಳಿಗ್ಗೆ ಬಿಸಿಲಿಗೆ ಪಳಪಳ ಹೊಳೆಯುತ್ತಿತ್ತು.

ನಾದಿನಿ ಬಂದಳು. ಅವಳಿಗೆ ನಾಲಿಗೆ ಸ್ವಲ್ಪ ಚುರುಕು. ಇವತ್ತೂ ಸಭೆಯಲ್ಲಿದ್ದಾಳೆ, ಎಡಗಡೆ. ಗೋಡೆಯ ಕಡೆ ತಿರುಗಿದ ಅಕ್ಕನ ಬೆನ್ನಿಗೆ ಹೇಳಿದಳು: “ಒಂದು ಮಾತ್ರೆ ನುಂಗೋಕೆ ಏನೇ ಅಕ್ಕ ಕಷ್ಟ ನಿಂಗೆ? ಪಾಪ, ಭಾವನ ಮುಖ ನೋಡು.” ಪಾಪದ ಭಾವ ಎರಡು ಲೋಟ ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಒಂದನ್ನು ನಾದಿನಿಯ ಕೈಗಿಟ್ಟ.

ಮರುದಿನ ಅವಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಮ್ಯಾಟಿನಿಗೆ ಕರೆದುಕೊಂಡು ಹೋಗಿ ನನ್ನ ಕೋಣೆಯ ಸ್ಟೂಲಿನ ಮೇಲೆ ಕೂರಿಸಿದೆ. ಓಡುತ್ತಿದ್ದದ್ದು ಇದೇ ಜಾತಿಯ ಚಿತ್ರ. ನಿದ್ದೆಗೆಟ್ಟ ಕಣ್ಣು, ಮನಸ್ಸು ಸ್ಟೂಲಿನ ಕಡೆ. ಹನ್ನೆರಡನೇ ರೀಲು ಹಾಕುವ ಬದಲು ಹದಿಮೂರನೆಯದು ಹಾಕಿಬಿಟ್ಟೆ. ಅರ್ಥವಾಯಿತಲ್ಲ? ನಾಯಕಿ ಮೊದಲು ವಾಸಿಯಾಗಿ, ಮಾತ್ರೆ ಎಸೆಸಿಕೊಂಡು, ಹಾಡು ಹಾಡಿ ಮುಗಿಸಿದಳು. ಆಮೇಲೆ ಹನ್ನೆರಡನೇ ರೀಲು ಬಂತು, ಕೂದಲು ಕೆದರಿಕೊಂಡು ವೈದ್ಯರ ಕೈ ಕಚ್ಚಿದಳು. ಆಮೇಲೆ ನೇರವಾಗಿ ಮೈಕ್ ಸೀನು. ನಾನು ಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಂಡೆ. ಏಳುನೂರು ಜನ ಕುಳಿತಿದ್ದರು ಸ್ವಾಮಿ, ಒಬ್ಬರೂ ಒಂದು ಮಾತು ಕೇಳಲಿಲ್ಲ. ಸೀಟಿ ಬೀಳುವ ಕಡೆ ಸೀಟಿ, ಅಳುವ ಕಡೆ ಅಳು. ಹೊರಗೆ ಹೋಗುವಾಗ ಒಬ್ಬರು ಮಾತ್ರ ‘ಸೆಕೆಂಡ್ ಹಾಫ್ ಸ್ವಲ್ಪ ಫಾಸ್ಟು’ ಅಂದರಂತೆ.

ಗೊತ್ತಾದದ್ದು ಒಬ್ಬಳಿಗೆ. ಅವಳು ಕಿಂಡಿಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. ಹತ್ತೊಂಬತ್ತನೇ ದಿನದ ಮೊದಲ ಮಾತು: “ರೀ, ಇದೊಂದು ಸಲ ಸರಿಯಾಗಿ ತೋರಿಸಿದ್ದೀರಿ.”

ನನಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು: “ವಾಸಿ ಆಗತ್ತೆ, ಮತ್ತೆ ಬರತ್ತೆ. ಹಾಗೇ ಅದು. ನಾಳೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ.”

ಹೋದೆವು. ವೈದ್ಯರ ಹೆಸರು ಹೇಳುವುದಿಲ್ಲ, ಅಧ್ಯಕ್ಷರು ನೀರು ಕುಡಿಯುತ್ತಿದ್ದಾರೆ. ಮಾತ್ರೆ ಯಾಕೆ ನಿಲ್ಲಿಸಿದಿರಿ ಎಂದು ಅವರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನವಳು ಹೇಳಿದಳು, “ನಾನೇ ಬಿಟ್ಟೆ.” ವೈದ್ಯರು ಬರೆದುಕೊಂಡರು. ತೆರೆದ ಬಾಯಿ ನಾನು ಮುಚ್ಚಿಕೊಂಡೆ.

ಅಲ್ಲಿಂದ ಇಲ್ಲಿಗೆ ಇಪ್ಪತ್ತಾರು ವರ್ಷ. ಈಗ ನಾವಿಬ್ಬರೂ ಸೇರಿ ಚುಕ್ಕೆ ನೋಡುತ್ತೇವೆ. ನಿದ್ದೆ ಕಡಿಮೆಯಾದರೆ ಚುಕ್ಕೆ, ಬಣ್ಣಬಣ್ಣದ ದಾರದ ಉಂಡೆ ಮನೆಗೆ ಬಂದರೆ ಚುಕ್ಕೆ, ಚಹಾ ಲೋಟದಲ್ಲೇ ಆರಿದರೆ ಇನ್ನೊಂದು ಬಗೆಯ ಚುಕ್ಕೆ. ಎಷ್ಟೋ ಸಲ ಅವಳೇ ಮೊದಲು ನೋಡಿ “ಚುಕ್ಕೆ ಬಂತು ರೀ” ಅನ್ನುತ್ತಾಳೆ. ನಾನು ಅತಿಯಾಗಿ ನೋಡುವುದೂ ಉಂಟು. ಒಮ್ಮೆ ಮೂರು ಕಟ್ಟು ಸೊಪ್ಪು ತಂದಳೆಂದು ಗಾಬರಿಯಾಗಿ ವೈದ್ಯರಿಗೆ ಫೋನು ಮಾಡಿದೆ. “ಎಳೇದಿತ್ತು, ತಂದೆ. ಫೋನ್ ಇಡಿ,” ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಸುಳ್ಳು ಗಾಬರಿಗೆ ‘ಸೊಪ್ಪು’ ಎಂದು ಹೆಸರು. ಯಾವ ಚಿತ್ರದಲ್ಲಾದರೂ ನಾಯಕ ಸೊಪ್ಪು ನೋಡಿ ಬೆದರಿದ್ದನ್ನು ಕಂಡಿದ್ದೀರಾ? ನಿರ್ಮಾಪಕರು ಯಾರಾದರೂ ಬಂದಿದ್ದರೆ ಗಮನಿಸಬೇಕು.

ಇಷ್ಟೆಲ್ಲ ಕಲಿತೆ, ಒಂದು ಮಾತು ಮಾತ್ರ ಹೇಳಲಿಲ್ಲ. ಇವತ್ತಿಗೂ ನೆಂಟರು ಸೇರಿದ ಕಡೆ ಆ ವರ್ಷದ ಮಾತು ಬರುತ್ತದೆ. ‘ಮಾತ್ರೆ ಬಿಟ್ಟು ಏನು ಪಾಡು ಪಟ್ಟೆ, ಈಗಲಾದರೂ ಸರಿಯಾಗಿ ತಗೋತಿದ್ದೀಯಾ’ ಎಂದು ಅವಳನ್ನು ಮಗುವನ್ನು ಕೇಳಿದ ಹಾಗೆ ಕೇಳುತ್ತಾರೆ. ನನ್ನನ್ನು ದೇವರಂಥ ಗಂಡ ಎನ್ನುತ್ತಾರೆ. ಅವಳು ತಟ್ಟೆ ಜೋಡಿಸುತ್ತಿರುತ್ತಾಳೆ. ದೇವರಂಥವನು ಸುಮ್ಮನೆ ಕುಳಿತಿರುತ್ತಾನೆ.

ಮನೆಯಲ್ಲೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಆಗಲೇ ನಾನೇ ಕೇಳಿದೆ. ಉತ್ತರ ಈಗ ಹೊಳೆಯುತ್ತಿದೆ. ಅವಳ ಮೇಲೆ ತಪ್ಪು ಬಿದ್ದದ್ದು ಹತ್ತು ಜನರ ಮುಂದೆ. ಬಾಗಿಲು ಹಾಕಿಕೊಂಡು ಅದನ್ನು ಇಳಿಸಲು ಆಗುವುದಿಲ್ಲ.

ನಾದಿನಿಯವರೇ, ನಿಮ್ಮ ಅಕ್ಕ ಮಾತ್ರೆ ಬಿಡಲಿಲ್ಲ. ಅವಳ ಕೈಯಿಂದ ಕಿತ್ತು ಎಸೆದವನು ನಾನು. ಅಧ್ಯಕ್ಷರೇ, ಆ ಹಳೆಯ ಫೈಲು ಎಲ್ಲಾದರೂ ಉಳಿದಿದ್ದರೆ ಒಂದು ಸಾಲು ತಿದ್ದಿಕೊಳ್ಳಬೇಕು. ಮತ್ತೆ, ಕೊನೆಯ ಸಾಲಿನವರೇ, ತಪ್ಪಾಯಿತು.

ಹೌದು, ಇದು ಮೈಕ್ ಸೀನು. ನನಗೂ ಗೊತ್ತಾಯಿತು. ಯಾರ ಕೈಯಿಂದಲೂ ಕಿತ್ತುಕೊಂಡಿಲ್ಲ, ನೀವೇ ಕೊಟ್ಟ ಮೈಕು ಎನ್ನುವುದಷ್ಟೇ ಸಮಾಧಾನ. ಅವರು ಓಡಿ ಬರುವುದಿಲ್ಲ, ಕಾಯಬೇಡಿ. ಮಂಡಿ ನೋವು. ಬಂದರೂ ಬಂದದ್ದು ಅಪ್ಪಿಕೊಳ್ಳುವುದಕ್ಕೆ ಎಂದು ನನಗೆ ಧೈರ್ಯವಿಲ್ಲ.

ಅಗೋ, ಬಲಗೈ ಮೇಲೆ ಹೋಯಿತು. ಮೊದಲ ಚುಕ್ಕೆ. ಇನ್ನೊಂದು ಕೈಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಾರೆ. ಅಳುವೋ ನಗುವೋ, ಚುಕ್ಕೆಯೋ ಸೊಪ್ಪೋ, ಇಲ್ಲಿಂದ ಕಾಣುವುದಿಲ್ಲ. ನಾನು ಯಾವತ್ತೂ ಹಿಂದಿನಿಂದ ನೋಡಿ ರೂಢಿಯಾದವನು. ನನಗೆ ಇರುವುದು ಎಂಟು ಸೆಕೆಂಡು. ಕರೆದವರಿಗೆ, ಕೇಳಿದವರಿಗೆ, ನೀರು ಕುಡಿದು ಮುಗಿಸಿದ ಅಧ್ಯಕ್ಷರಿಗೆ ನನ್ನ ವಂದನೆ. ಮುಂದಿನ ರೀಲು ಮನೆಯಲ್ಲಿ, ಅದನ್ನು ಓಡಿಸುವವರು ಅವರು.

ಎಲ್ಲರಿಗೂ ನಮಸ್ಕಾರ.