ತಲೆ ಅಡ್ಡ ಆಡಿಸಿದ ಕಳ್ಳ

ರೂಸೆ ಪಟ್ಟಣದ ಬಸ್ಸಿನಲ್ಲಿ ರಾದ್ಕಾ ಅಜ್ಜಿಯ ಹಿಂದಿನ ಸೀಟಿಗೆ ದಪ್ಪ ಕನ್ನಡಕದ ಹುಡುಗರಿಬ್ಬರು ಬಂದು ಕುಳಿತರು. ಅಜ್ಜಿಯ ಹೆಣಿಗೆ ತಾನಾಗಿ ನಿಂತಿತು.

“ಝಿವ್ಕೊ, ಜಪ್ತಿಯಾಗಿದ್ದ ನಮ್ಮ ರೋಬೋಟನ್ನ ಬೀರುವಿಂದ ನೀನು ಕದ್ದಿದ್ದು ಹೆಡ್‌ಮಾಸ್ಟರಿಗೆ ಗೊತ್ತಾಯ್ತಾ?”

“ನೀನಾ ಕದ್ದಿದ್ದು ಅಂತ ಕೇಳಿದ್ರು. ಅಮೆರಿಕದ ಸಿನಿಮಾ ಕಳ್ಳರ ಥರ ತಣ್ಣಗೆ ತಲೆ ಅಡ್ಡ ಆಡಿಸ್ದೆ.”

“ಮಂಕೇ, ಅದು ಅವರಿಗೆ ‘ಇಲ್ಲ’. ನಮ್ಮ ಬಲ್ಗೇರಿಯಾದಲ್ಲಿ ‘ಹೌದು’ ಅಲ್ವೇನೋ.”

“ಅರ್ಧ ಆಡಿಸಿದ್ಮೇಲೆ ನೆನಪಾಯ್ತು.”

“ಹಾಗಾದ್ರೆ ನಾಳೆ ರೋಬೋಟ್ ಸ್ಪರ್ಧೆ ಹೋಯ್ತು ಬಿಡು.”

“ಅವರು ‘ಆ ರೋಬೋಟ್ ನಡೆಯುತ್ತಾ?’ ಅಂದ್ರು.”

“ನೀನು?”

“ಮತ್ತೆ ಅಡ್ಡ ಆಡಿಸ್ದೆ. ಈ ಸಲ ಬೇಕಂತ್ಲೇ.”

“ಅವರು?”

“‘ಗೆದ್ಕೊಂಡು ಬಂದು ಬೀರುವಲ್ಲೇ ಇಡಿ’ ಅಂದ್ರು.”

ನಿಲ್ದಾಣ ಬಂತು. ಝಿವ್ಕೊ ಚೀಲವನ್ನು ಕೂಸಿನಂತೆ ಎತ್ತಿಕೊಂಡು, “ಅಜ್ಜಿ, ಎಲ್ಲಾ ಕೇಳಿಸ್ತಾ?” ಎಂದ.

ರಾದ್ಕಾ ನಿಧಾನವಾಗಿ ತಲೆ ಅಡ್ಡ ಆಡಿಸಿದಳು.